ಕಳಿಸಿದ್ದಕ್ಕಿಂತ ಹೆಚ್ಚು

ತಂತಿಯಲ್ಲಿ ಕಳಿಸಿದ್ದು ಕಳೆದುಹೋಗಬಹುದು, ಕೆಡಬಹುದು, ತಡವಾಗಬಹುದು. ಕಳಿಸಿದ್ದಕ್ಕಿಂತ ಹೆಚ್ಚು ಮಾತ್ರ ಬರುವುದಿಲ್ಲ. ಮೂವತ್ತೊಂದು ವರ್ಷ ತಂತಿಗಳ ಸಂಗಡ ಬಾಳುವೆ ಮಾಡಿದ ನಾನು ಆಣೆ ಮಾಡಿ ಹೇಳಬಲ್ಲ ಮಾತು ಇದೊಂದೇ ಆಗಿತ್ತು. ಇಳಕಲ್ಲಿನ ಪಂಪವ್ವ ಕಂದಗಲ್ಲ ಎಂಬ ಹೆಣ್ಣುಮಗಳು ಅದನ್ನೂ ಕಿತ್ತುಕೊಂಡರು.

ನನ್ನ ಹೆಸರು ಗುರುಲಿಂಗ ಹಾದಿಮನಿ. ಮೊದಲು ಟೆಲಿಫೋನಿನವನು. ರಸ್ತೆ ಬದಿಯ ಗುಂಡಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು, ಹರಿದ ಕೇಬಲ್ಲಿನ ಇನ್ನೂರು ಜೋಡಿ ತಂತಿಗಳನ್ನು ಬಣ್ಣ ನೋಡಿ ಕೂಡಿಸುವುದು ನನ್ನ ಕೆಲಸ. ಆ ಗುಂಡಿಗಳ ಕಾಲ ಮುಗಿದ ಮೇಲೆ ಹುಬ್ಬಳ್ಳಿಯ ನರಸೇತು ಕೇಂದ್ರದವರು ನನ್ನನ್ನು ಕರೆದು ತಂಪು ಕೋಣೆಯಲ್ಲಿ ಗಾಲಿ ಕುರ್ಚಿ ಕೊಟ್ಟು ಕೂರಿಸಿದರು. ಎದುರಿಗೆ ಗೋಡೆಯಗಲದ ಪರದೆ. ಅದರ ಮೇಲೆ ಸಾವಿರದ ಎಂಟುನೂರು ಹಸಿರು ಚುಕ್ಕೆ. ಒಂದೊಂದು ಚುಕ್ಕೆಯೂ ಕುತ್ತಿಗೆಯ ಮಿದುಳುಬಳ್ಳಿಯಲ್ಲಿ ಕೈಗಿಳಿಯುವ ನರಗಳಷ್ಟೇ ತುಂಡಾಗಿ ಕೈ ಸತ್ತುಹೋಗಿದ್ದ ಒಬ್ಬೊಬ್ಬ ಮನುಷ್ಯ.

ನರಸೇತು ಎಂದರೆ ದೊಡ್ಡದೇನಲ್ಲ, ನಾಣ್ಯದಷ್ಟಿರುವ ಎರಡು ಬಿಲ್ಲೆ. ಒಂದನ್ನು ಬಳ್ಳಿ ತುಂಡಾದ ಜಾಗದ ಮೇಲೆ, ಇನ್ನೊಂದನ್ನು ಕೆಳಗೆ ಕೂರಿಸುತ್ತಾರೆ. ಮಿದುಳಿನಿಂದ ಇಳಿದು ಬರುವ ಅಪ್ಪಣೆಯನ್ನು ಮೇಲಿನ ಬಿಲ್ಲೆ ಕೇಳಿಸಿಕೊಳ್ಳುತ್ತದೆ, ಚಿಕ್ಕ ಚಿಕ್ಕ ಪ್ಯಾಕೆಟ್ಟುಗಳಾಗಿ ಕಟ್ಟುತ್ತದೆ, ಪ್ರತಿಯೊಂದಕ್ಕೂ ಮುದ್ರೆ ಒತ್ತಿ ಕೆಳಕ್ಕೆ ಮಿಡಿಯುತ್ತದೆ. ಎರಡರ ನಡುವೆ ತಂತಿ ಇಲ್ಲ, ಮೈಯೇ ತಂತಿ. ಕೆಳಗಿನ ಬಿಲ್ಲೆ ಬಂದ ಮಿಡಿತವನ್ನೆಲ್ಲ ಹಿಡಿದು ಮುದ್ರೆ ನೋಡುತ್ತದೆ. ಮುದ್ರೆ ಸರಿ ಇದ್ದರೆ ತೋಳಿನ ನರಕ್ಕೆ ದಾಟಿಸುತ್ತದೆ. ಇಲ್ಲದಿದ್ದರೆ ಎಸೆದು, 'ತಪ್ಪು ಒಂದು' ಎಂದು ಎಣಿಸಿಕೊಳ್ಳುತ್ತದೆ. ಐದು ನಿಮಿಷಕ್ಕೊಮ್ಮೆ ತಪ್ಪಿನ ಪ್ರಮಾಣ ಹುಬ್ಬಳ್ಳಿಗೆ ಬರುತ್ತದೆ. ಅದು ಮಿತಿ ದಾಟಿದರೆ ಹಸಿರು ಚುಕ್ಕೆ ಕೆಂಪಾಗಿ ಗಂಟೆ ಬಾರಿಸುತ್ತದೆ.

ಮಿತಿಯದೇ ಒಂದು ಪುರಾಣ. ಮೊದಲು ಲಕ್ಷಕ್ಕೆ ಒಂದು ತಪ್ಪು ಎಂದು ಇಟ್ಟಿದ್ದರು. ಗಂಟೆ ದಿನವಿಡೀ ಬಡಿದುಕೊಂಡಿತು. ಫೋನು ಮಾಡಿ ಕೇಳಿದರೆ ಯಾರೋ ಸೀನಿದ್ದರು, ಯಾರೋ ಬಚ್ಚಲಲ್ಲಿ ಕಾಲು ಜಾರಿದ್ದರು. ತೋಳ ಬಂತು ತೋಳ ಎಂದು ಕೂಗಿಸಿಕೊಂಡು ಸಾಕಾಗಿ ಮಿತಿಯನ್ನು ಹತ್ತು ಸಾವಿರಕ್ಕೆ ಒಂದು ಎಂದು ಏರಿಸಿದೆವು. ಏರಿಸಲು ಹಟ ಹಿಡಿದವನು ನಾನೇ. ಇನ್ನೊಂದು ಪದ್ಧತಿಯನ್ನೂ ಟೆಲಿಫೋನಿನಿಂದ ತಂದು ಇಲ್ಲಿ ನೆಟ್ಟಿದ್ದೆ. ಬೆಳಿಗ್ಗೆ ಎಂಟಕ್ಕೆ ಪಾಳಿ ಬದಲಾದಾಗ ಪರದೆಗೆ ಊದುಬತ್ತಿ ಬೆಳಗಿ ಎಲ್ಲ ಎಣಿಕೆಗಳನ್ನೂ ಸೊನ್ನೆ ಮಾಡುವುದು. ಹಿಂದಿನ ಪಾಳಿಯ ಪಾಪ ನಮಗ್ಯಾಕೆ, ಹೊಸ ದಿನ, ಹೊಸ ಸೊನ್ನೆ. ಎಲ್ಲರಿಗೂ ಇಷ್ಟವಾಗಿತ್ತು.

ಒಬ್ಬರ ಚುಕ್ಕೆ ಸತತ ಮೂರು ದಿನ ಕೆಂಪಾದರೆ ನಾಲ್ಕನೆಯ ದಿನ ಬೆಳಿಗ್ಗೆ ಹತ್ತಕ್ಕೆ ಯಂತ್ರ ತಾನೇ ಮೇಲಿನ ಬಿಲ್ಲೆಯ ಮಿಡಿತವನ್ನು ದುಪ್ಪಟ್ಟು ಮಾಡುತ್ತದೆ. ಇದಕ್ಕೆ ಬಲವರ್ಧನೆ ಎಂದು ಹೆಸರು. ದೂರದಲ್ಲಿರುವವನಿಗೆ ಕೇಳಿಸದಿದ್ದರೆ ಜೋರಾಗಿ ಕೂಗುತ್ತೇವಲ್ಲ, ಹಾಗೆ. ನನ್ನ ಪಾಳಿಯಲ್ಲಿ ಇಪ್ಪತ್ತೊಂಬತ್ತು ಜನರಿಗೆ ಆಗಿತ್ತು. ಇಪ್ಪತ್ತೊಂಬತ್ತು ಸಲವೂ ತಪ್ಪುಗಳು ಮಾಯ. ನಾನು ಚಹಾ ತರಿಸಿ ಕುಡಿದಿದ್ದೆ.

ಪಂಪವ್ವನವರ ಚುಕ್ಕೆ ಮೊದಲು ಕೆಂಪಾದದ್ದು ಒಂದು ಸೋಮವಾರ, ಹತ್ತೂ ನಲವತ್ತಕ್ಕೆ. ಅರ್ಧ ಗಂಟೆ ಉರಿದು ಹಸಿರಾಯಿತು. ಮಂಗಳವಾರ ಮತ್ತೆ ಹತ್ತೂ ನಲವತ್ತಕ್ಕೆ. ಬುಧವಾರವೂ ಅದೇ ಹೊತ್ತಿಗೆ. ಹಳೆಯ ಕೇಬಲ್ಲು ಕೆಡುವುದು ಹೀಗಲ್ಲ. ಅದಕ್ಕೆ ಗಡಿಯಾರ ಗೊತ್ತಿಲ್ಲ. ಫೋನು ಹಚ್ಚಿದೆ. ಎತ್ತಿಕೊಂಡವರು ಅವರ ಗಂಡ ವಿರೂಪಾಕ್ಷಪ್ಪ.

"ಹುಬ್ಬಳ್ಳಿ ಸೇತು ಕೇಂದ್ರದಿಂದ್ರಿ. ಅಕ್ಕಾರು ಈಗ ಏನ್ ಮಾಡಾಕ ಹತ್ಯಾರ?"

"ಏನ್ ಮಾಡ್ತಾಳ ಸಾಹೇಬ್ರ, ಮಗ್ಗದ ಮುಂದ ಕುಂತಾಳ. ಎಳಿ ಕೂಡಸಾಕ ಹತ್ಯಾಳ."

"ಸೇತು ಹಾಕಿದ ಕೈಲೆ ಮಗ್ಗದ ಕೆಲಸಾ? ಚಮಚಾ ಹಿಡೀಲಿ, ಗುಂಡಿ ಹಾಕ್ಕೊಳ್ಳಿ ಅಂತ ಕೊಟ್ಟಿದ್ದದು. ಬ್ಯಾಡಂತ ಹೇಳಬಾರದೇನ್ರಿ?"

"ನಾ ಹೇಳಿದ್ದು ಕೇಳಾಕಿ ಆಗಿದ್ರ ಆವತ್ತ ಅಟ್ಟಾನ ಏರತಿದ್ದಿಲ್ಲ, ಬೀಳತಿದ್ದಿಲ್ಲ. ತಗೋರಿ, ನೀವ ಹೇಳ್ರಿ."

ಫೋನಿನಲ್ಲಿ ಪಂಪವ್ವನವರ ದನಿ ಮೆಲ್ಲಗಿತ್ತು, ಹೆದರಿಕೆ ಇರಲಿಲ್ಲ. "ಸರ, ಅಲ್ಲಿ ನಿಮಗ ಕೆಂಪ ದೀಪಾ ಹತ್ತತೈತಂತ? ಇಲ್ಲಿ ನನ್ನ ಹೆಬ್ಬಟ್ಟಿನ್ಯಾಗ ಒಂಚೂರು ಬೆಚ್ಚಗ ಆಕೈತ್ರಿ. ಒಂದ ಹೊತ್ತಿಗೆ."

ಕೆಟ್ಟ ಜೋಡಣೆ ಬಿಸಿಯಾಗುತ್ತದೆ. ಇದು ಯಾವ ಲೈನ್‌ಮನ್‌ನಿಗೂ ಗೊತ್ತು. ಆದರೆ ಅದು ಕೆಡುವ ಜಾಗದಲ್ಲಿ ಬಿಸಿಯಾಗುತ್ತದೆ, ಹೆಬ್ಬೆಟ್ಟಿನಲ್ಲಿ ಅಲ್ಲ.

ಕೇಂದ್ರದ ವೈದ್ಯೆ ಡಾಕ್ಟರ್ ಮೆಹಜಬೀನ್ ಸವಣೂರ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ನನಗಿಂತ ನೂರು ಪಾಲು ಓದಿದವರು. ನಾನು ವಿಷಯ ಹೇಳಿದಾಗ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಕೆಳಗಿನ ಬಿಲ್ಲೆ ಸುತ್ತ ಗಾಯದ ಗಂಟು ಬೆಳದಿರತದ ಗುರುಲಿಂಗಪ್ಪನವರ. ಇಪ್ಪತ್ತೊಂಬತ್ತು ಮಂದಿಗೂ ಅದ ಆಗಿತ್ತು. ನಾಳೆ ಹತ್ತಕ್ಕ ಬಲ ಏರತದ, ಸರಿ ಹೋಗತದ."

"ಇದು ದಿನಾ ಒಂದ ಹೊತ್ತಿಗೆ ಬರತೈತ್ರಿ ಮೇಡಂ. ಹೋಗಿ ಜಾಯಿಂಟ್ ಕಣ್ಣಿಲೆ ನೋಡಿ ಬರ್ತೀನಿ."

"ಜಾಯಿಂಟ್ ಚರ್ಮದ ಒಳಗದ. ಗುಂಡಿ ತೋಡ್ತೀರೇನು?" ಅಂದರು, ನಕ್ಕರು. ಆಮೇಲೆ ನಗು ನಿಲ್ಲಿಸಿ, "ಹೋದ ವರ್ಷ ಬಲವರ್ಧನೆ ತಡಾ ಮಾಡಿದ್ದಕ್ಕ ಒಬ್ಬಾಕಿ ಕೈ ಝಾಡಿಸಿ ಕುದಿಯೋ ಬೋಗುಣಿ ಮೈಮ್ಯಾಲೆ ಕೆಡವಿಕೊಂಡ್ಲು. ನೆನಪದ ಅಲಾ? ನಾಳೆ ಹತ್ತರ ಒಳಗ ಖರೇ ಕಾರಣ ತೋರಸ್ರಿ, ತಡೀತೀನಿ. ಇಲ್ಲಂದ್ರ ಯಂತ್ರ ತನ್ನ ಕೆಲಸ ಮಾಡ್ಲಿ."

ಮಾತು ನ್ಯಾಯವಾಗಿಯೇ ಇತ್ತು. ಬೆಳಗಿನ ಐದರ ಬಸ್ಸು ಹತ್ತಿದೆ. ಗದಗ ದಾಟುವಾಗ ಬೆಳಕಾಯಿತು, ಗಜೇಂದ್ರಗಡದ ಗುಡ್ಡದ ಬುಡದಲ್ಲಿ ಗಿರ್ಮಿಟ್ ತಿಂದೆ. ಕೆಂಪು ಕಲ್ಲಿನ ಗಣಿಗಳು ಕಂಡು ಇಳಕಲ್ಲು ಬಂದಾಗ ಒಂಬತ್ತಕ್ಕೆ ಐದು ನಿಮಿಷ. ಚೀಲದಲ್ಲಿ ಒಂದು ಕೈಮೀಟರು ಇತ್ತು. ಹುಬ್ಬಳ್ಳಿಗೆ ಬರುವುದು ಪ್ರಮಾಣ ಮಾತ್ರ. ಈ ಮೀಟರನ್ನು ತೋಳಿಗೆ ಕಟ್ಟಿದರೆ ಕಳಿಸಿದ್ದೆಷ್ಟು, ಸರಿಯಾಗಿ ಬಂದದ್ದೆಷ್ಟು, ತಪ್ಪೆಷ್ಟು ಎಂಬ ಮೂರೂ ಎಣಿಕೆ ಬೇರೆ ಬೇರೆಯಾಗಿ ಕಾಣುತ್ತವೆ. ಯಾರೂ ಅದನ್ನು ಬಳಸುತ್ತಿರಲಿಲ್ಲ. ಕೇಂದ್ರದ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು.

ಮನೆಯ ನಡುಮನೆಯೇ ಮಗ್ಗದ ಮನೆ. ನೆಲದಲ್ಲಿ ಕಾಲಿಳಿಬಿಡುವ ಕುಣಿ, ಅದರ ಮೇಲೆ ಮಗ್ಗ. ಕುಣಿ ನೋಡಿದ್ದೇ ನನಗೆ ಅರ್ಧ ಪರಿಚಯವಾದಂತಾಯಿತು, ನಾನೂ ಕುಣಿಯಲ್ಲಿ ಕುಳಿತು ಉಂಡವನೇ. ಪಂಪವ್ವನವರಿಗೆ ಅರವತ್ತರ ಹತ್ತಿರ. ಬಿದ್ದು ಎರಡು ವರ್ಷವಾಗಿತ್ತು, ಸೇತು ಹಾಕಿ ಹದಿಮೂರು ತಿಂಗಳು. ಬಟ್ಟಲನ್ನು ಎತ್ತಿ ನನಗೆ ಚಹಾ ಕೊಟ್ಟರು. ಕೈ ಮೂರು ತುಂಡಿನಲ್ಲಿ ಬಂತು. ಹಿಡಿತ, ಎತ್ತುವುದು, ಚಾಚುವುದು, ನಡುವೆ ಸಣ್ಣ ಸಣ್ಣ ನಿಲುಗಡೆ. ಸೇತುವಿನ ಕೈ ಹಾಗೆಯೇ.

"ಎತ್ತತೈತಿ ನೋಡ್ರಿ, ಅದಕ್ಕ ಏನೂ ಅನ್ನೂದಿಲ್ಲ," ಅಂದರು ಪಂಪವ್ವ. "ಆದ್ರ ಬಿಸಿ ಐತೋ ತಣ್ಣಗೈತೋ ಹೇಳೂದಿಲ್ಲ. ಮಂದಿ ಕೈ ಇಸಗೊಂಡಂಗ."

ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಾಸಿದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಕೆಂಪು ಸೆರಗಿನ ಒಂದೊಂದು ಎಳೆಯನ್ನೂ ಒಡಲಿನ ಒಂದೊಂದು ಎಳೆಗೆ ಕೊಂಡಿ ಹಾಕಿ ಕೂಡಿಸಬೇಕು. ಸಾವಿರಾರು ಎಳೆ. ಊರಿನಲ್ಲಿ ಅದಕ್ಕೆ ಪಂಪವ್ವನ ಕೈ ಎಂದರೆ ಹೆಸರು. ಅವರು ಕೂಡಿಸಿದ ಜಾಗ ಎಲ್ಲಿ ಎಂದು ಹುಡುಕಿದರೂ ಸಿಗದು ಎನ್ನುತ್ತಿದ್ದರಂತೆ. ಅವರು ಬಿದ್ದ ಮೇಲೆ ವಿರೂಪಾಕ್ಷಪ್ಪ ತಾವೇ ಕೂಡಿಸಲು ಹೋಗಿ ಮೂರು ಸೀರೆ ಕೆಡಿಸಿದ್ದರು.

"ನಾ ಕೂಡಿಸಿದ ಎಳಿ ನಮ್ಮ ಬೀಗರ ಮಾತಿದ್ದಂಗ್ರಿ," ಅಂದರು ವಿರೂಪಾಕ್ಷಪ್ಪ. "ಜಗ್ಗಿದ ಕೂಡ್ಲೆ ಬಿಚ್ಚತೈತಿ."

ಮೀಟರು ಕಟ್ಟಿದೆ. ಚಮಚ ಎತ್ತಿಸಿದೆ, ತಪ್ಪು ಸೊನ್ನೆ. ತಲೆ ಬಾಚಿಸಿದೆ, ಸೊನ್ನೆ. ಫ್ಯಾನು, ಟೀವಿ ಬಂದ್ ಮಾಡಿಸಿದೆ, ಪಕ್ಕದ ಮನೆಯ ವಿದ್ಯುತ್ ಮಗ್ಗದ ಸದ್ದು ನಿಲ್ಲುವವರೆಗೂ ಕಾದೆ. ಯಾವುದಕ್ಕೂ ಸೊನ್ನೆ ಅಲುಗಲಿಲ್ಲ. ಎಳೆ ಇಲ್ಲದೆ, ಎಳೆ ಕೂಡಿಸುವ ಹಾಗೆ ಬೆರಳಾಡಿಸಿ ಎಂದೆ. ಆಗಲೂ ಸೊನ್ನೆ.

"ಸುಳ್ಳ ಸುಳ್ಳ ಕೂಡಸೂದಕ್ಕ ಕೈ ಬರೂದಿಲ್ರಿ," ಅಂದರು ಪಂಪವ್ವ.

"ಹಂಗಾರ ಖರೇ ಕೂಡಸ್ರಿ ಅಕ್ಕಾರ. ಹೊತ್ತಿಲ್ಲ. ಹತ್ತಕ್ಕ ಅಲ್ಲಿ ಬಲಾ ಏರಸ್ತಾರ."

"ಇನ್ನೂ ಬೆಳಕ ಬಂದಿಲ್ಲಲಾ. ಹತ್ತೂವರಿಗೆ ಮಾಡಿನ ಕಿಂಡ್ಯಾಗಿಂದ ಬಿಸಿಲ ಬೀಳತೈತಿ, ಆವಾಗ ಕುಂದರತೀನಿ." ಅಷ್ಟು ಹೇಳಿ ತಾವೇ ನಕ್ಕರು. "ಇರ್ಲಿ ಬಿಡ್ರಿ. ಬೆಳಕ ಕಣ್ಣಿಗೆ ಬೇಕು, ಬೆರಳಿಗ್ಯಾಕ."

ಕಣ್ಣು ಮುಚ್ಚಿದರು. ಎಡಗೈಯಲ್ಲಿ ಕಪ್ಪು ಎಳೆ, ಬಲಗೈಯಲ್ಲಿ ಕೆಂಪು ಎಳೆ. ಮೊದಲ ಕೊಂಡಿ ತಡವರಿಸಿ ಬಿತ್ತು. ಎರಡನೆಯದೂ ಹಾಗೆಯೇ. ನಾಲ್ಕನೆಯದಕ್ಕೆ ಬೆರಳುಗಳ ನಡುವಿನ ನಿಲುಗಡೆ ಸವೆಯಿತು. ಹತ್ತನೆಯದಕ್ಕೆ ಹೆಬ್ಬೆಟ್ಟು ತಾನೇ ಮುಂದೆ ಹೋಗಿ ಎಳೆಯನ್ನು ಹೊಸೆಯಿತು. ಅವರ ತೋಳಿಗೆ ಕಟ್ಟಿದ್ದ ಮೀಟರು ಟಿಕ್ಕೆಂದಿತು. ತಪ್ಪು ಒಂದು.

ಐದು ನಿಮಿಷ ಕಳೆದ ಮೇಲೆ ಎಣಿಕೆ ನೋಡಿದೆ. ತಪ್ಪು ನಲವತ್ತಾರು. ಮಿತಿ ಏಳು ಪಟ್ಟು ದಾಟಿತ್ತು. ಕಳಿಸಿದ್ದು ಅರವತ್ತು ಸಾವಿರ. ಹಾಗಾದರೆ ಸರಿಯಾಗಿ ಬಂದದ್ದು ಅರವತ್ತು ಸಾವಿರಕ್ಕೆ ನಲವತ್ತಾರು ಕಡಿಮೆ ಇರಬೇಕು. ಕೆಟ್ಟ ಪ್ಯಾಕೆಟ್ಟು ಕಳಿಸಿದ್ದರಲ್ಲೇ ಕೆಟ್ಟಿರಬೇಕಲ್ಲ, ಆಕಾಶದಿಂದ ಉದುರುವುದಿಲ್ಲ.

ಸರಿಯಾಗಿ ಬಂದದ್ದು: ಅರವತ್ತು ಸಾವಿರ.

ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ. ಅರವತ್ತು ಸಾವಿರ ಮಿಡಿತಗಳು ಇದ್ದಂತೆ ಇಳಿದಿದ್ದವು, ಒಂದೂ ಕೆಟ್ಟಿರಲಿಲ್ಲ. ನಲವತ್ತಾರು ಅವುಗಳ ಮೇಲೆ ಬೇರೆಯಾಗಿ ಬಂದಿದ್ದವು. ಮುದ್ರೆ ಇಲ್ಲದವು. ನಾವು ಕಳಿಸದವು. ಕುಣಿಯ ದಂಡೆಯ ಮೇಲೆ ಹಾಗೇ ಕುಳಿತುಬಿಟ್ಟೆ. ಇಷ್ಟು ವರ್ಷ ಪ್ರಮಾಣವನ್ನು ನೋಡಿದೆವು, ಮಿತಿಯನ್ನು ನೋಡಿದೆವು. ತಪ್ಪು ಎಂದು ಎಣಿಸಿದ್ದು ಯಾರ ಮಿಡಿತ ಎಂದು ಒಬ್ಬರೂ ಕೇಳಿರಲಿಲ್ಲ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ.

ಡಾಕ್ಟರಿಗೆ ಫೋನು ಹಚ್ಚಿದೆ. ಒಂಬತ್ತೂ ನಲವತ್ತು. ಸಂಖ್ಯೆ ಹೇಳಿದೆ.

"ಪ್ರತಿಧ್ವನಿ ಇರಬೇಕು," ಅಂದರು. "ಒಂದ ಮಿಡಿತ ಎಲುಬಿಗೆ ಬಡದು ಎರಡು ಸಲ ಕೇಳಸತದ. ಎರಡನೇದಕ್ಕ ಮುದ್ರೆ ಅಳಿಸಿರತದ."

"ಪ್ರತಿಧ್ವನಿ ಚಮಚಾ ಹಿಡಿದಾಗ ಯಾಕ ಬರವಲ್ದು ಮೇಡಂ?"

ಈಗ ಡಾಕ್ಟರ ದನಿ ಬೇರೆಯಾಗಿತ್ತು. "ತುಂಡಾದ ಬಳ್ಳಿ ತಾನ ಕೂಡೂದಿಲ್ರಿ. ಅಷ್ಟು ಉದ್ದ ನರ ಬೆಳಿಯೂದಿಲ್ಲ. ನಾ ಓದಿದ್ದೆಲ್ಲಾ ಹಂಗ ಹೇಳತದ." ಉಸಿರು ಕೇಳಿಸಿತು. "ಮೇಲಿನ ಬಿಲ್ಲೆ ಬಂದ್ ಮಾಡ್ರಿ. ಕೆಳಗಿಂದು ಕೇಳಕೋತ ಇರಲಿ. ಕೂಗೂದು ನಿಂತರ ಪ್ರತಿಧ್ವನಿನೂ ನಿಲ್ಲಬೇಕು. ಆಮ್ಯಾಲೂ ಏನರ ಬಂದ್ರ..."

ಪಂಪವ್ವನವರಿಗೆ ತಿಳಿಸಿ ಹೇಳಿದೆ. ಸೇತು ಬಂದ್ ಮಾಡಿದರೆ ಕೈ ಮೊದಲಿನಂತೆ ಬೀಳುತ್ತದೆ. ಮತ್ತೆ ಚಾಲೂ ಮಾಡಿದರೆ ಮಿದುಳಿಗೂ ಬಿಲ್ಲೆಗೂ ಹೊಂದಿಕೆ ಆಗಲು ಅರ್ಧ ಗಂಟೆ ಬೇಕು. ಹೊಂದಿಕೆ ಆಗದೆಯೂ ಹೋಗಬಹುದು, ಇಬ್ಬರಿಗೆ ಹಾಗಾಗಿದೆ.

ವಿರೂಪಾಕ್ಷಪ್ಪ ಎದ್ದು ನಿಂತರು. "ಬ್ಯಾಡ. ಹನ್ನೊಂದು ತಿಂಗಳು ನಾ ಉಣಸೇನಿ ಆಕಿಗೆ. ಆಕಿ ಬಾಯಿ ಬಿಟ್ಟು ಕುಂದರೂದು ನೋಡೂದು ಬ್ಯಾಡ ಇನ್ನ." ಹಾಸ್ಯ ಮಾಡುತ್ತಿದ್ದ ಮುಖ ಅದು ಎಂದು ನಂಬಲಾಗುತ್ತಿರಲಿಲ್ಲ.

ಪಂಪವ್ವ ಗಂಡನನ್ನು ನೋಡಲಿಲ್ಲ, ನನ್ನನ್ನು ಕೇಳಿದರು. "ಬಲಾ ಏರಿಸಿದ್ರ ಏನ್ ಆಕೈತಿ?"

"ಬಟ್ಟಲಾ ಛಲೋ ಹಿಡೀತೈತ್ರಿ. ಕೆಂಪ ದೀಪ ಹೋಕೈತಿ."

"ಬೆಚ್ಚಗ ಆಗೂದು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಅದೂ ಹೋಕೈತೇನೋ ಅಕ್ಕಾರ."

"ಬಂದ್ ಮಾಡ್ರಿ," ಅಂದರು.

ಬಂದ್ ಮಾಡಿದೆ. ಕೈಗಳೆರಡೂ ತೊಡೆಯ ಮೇಲೆ ಬಿದ್ದವು. ಹಾಸಿದ್ದ ಬಟ್ಟೆ ಜಾರಿದಂತೆ ಬಿದ್ದವು. ಮೀಟರಿನಲ್ಲಿ ಕಳಿಸಿದ್ದು ಸೊನ್ನೆ, ಬಂದದ್ದು ಸೊನ್ನೆ. ವಿರೂಪಾಕ್ಷಪ್ಪ ಗೋಡೆಯ ಕಡೆ ತಿರುಗಿದರು. ಒಂದು ನಿಮಿಷ. ಎರಡು ನಿಮಿಷ. ಡಾಕ್ಟರು ಇನ್ನೂ ಫೋನಿನಲ್ಲೇ ಇದ್ದರು. ಸೊನ್ನೆ, ಸೊನ್ನೆ. ನನ್ನ ಹಟಕ್ಕೆ ಇವರ ಕೈ ಹೋಯಿತಲ್ಲ ಎಂದುಕೊಂಡೆ.

"ಎಳಿ ಕೊಡ್ರಿ," ಅಂದರು ಪಂಪವ್ವ. "ಬರೇಗೈಗೆ ಏನ್ ಹೇಳ್ಲಿ ನಾನು?"

ವಿರೂಪಾಕ್ಷಪ್ಪ ಬಂದು ಕುಳಿತರು. ಕೆಂಪು ಎಳೆಯೊಂದನ್ನು ಹೆಂಡತಿಯ ಹೆಬ್ಬೆಟ್ಟು, ತೋರುಬೆರಳಿನ ನಡುವೆ ಇಟ್ಟು, ಜಾರದಂತೆ ತಮ್ಮ ಬೆರಳಿನಿಂದ ಹಿಡಿದರು. ಪಂಪವ್ವ ಕಣ್ಣು ಮುಚ್ಚಿದರು. ಅವರ ಹಣೆಯಲ್ಲಿ ಬೆವರು ಮೂಡಿತು.

ಕಳಿಸಿದ್ದು ಸೊನ್ನೆ. ಬಂದದ್ದು ಒಂದು.

ಬಂದದ್ದು ಎರಡು. ಸ್ವಲ್ಪ ತಡೆದು, ಐದು. ಕೆಳಗಿನ ಬಿಲ್ಲೆ ತನ್ನ ಧರ್ಮದಂತೆ ಮುದ್ರೆ ಇಲ್ಲ, ಮುದ್ರೆ ಇಲ್ಲ ಎಂದು ಒಂದೊಂದನ್ನೂ ಎಸೆಯುತ್ತಿತ್ತು. ಅದು ಎಸೆದರೂ ನರ ಎಸೆಯಲಿಲ್ಲ. ಹನ್ನೊಂದು. ಹದಿನೇಳು. ಹೆಬ್ಬೆಟ್ಟಿನ ತುದಿ ಗೋಧಿ ಕಾಳಿನಷ್ಟು ಸರಿಯಿತು. ಕೆಂಪು ಎಳೆ ಅರ್ಧ ಸುತ್ತು ಹೊರಳಿತು.

"ನಾ ಅಲ್ಲ," ಅಂದರು ವಿರೂಪಾಕ್ಷಪ್ಪ, ತಮ್ಮ ಕೈ ಹಿಂದಕ್ಕೆ ತೆಗೆದು. "ದೇವರಾಣಿ, ನಾ ಅಲಗಾಡಿಸಿಲ್ಲ."

"ನಾನ," ಅಂದರು ಪಂಪವ್ವ. ಕಣ್ಣು ತೆರೆಯದೆ ಅಳುತ್ತಿದ್ದರು. "ನಾನ ಅದು. ನಂದ ಕೈ."

ನಾನು ಫೋನಿನಲ್ಲಿ ಡಾಕ್ಟರಿಗೆ ಸಂಖ್ಯೆ ಓದಿದೆ. "ಕಳಿಸಿದ್ದು ಏನೂ ಇಲ್ಲ ಮೇಡಂ. ಬಂದದ್ದು ಇಪ್ಪತ್ಮೂರು."

"ತಡದೆ," ಅಂದರು. "ಬಲವರ್ಧನೆ ತಡದೆ. ಯಾರಿಗೂ ಬ್ಯಾಡ ಇನ್ನ." ಹತ್ತಕ್ಕೆ ಮೂರು ನಿಮಿಷ ಇತ್ತು.

ಸೇತುವನ್ನು ಮತ್ತೆ ಚಾಲೂ ಮಾಡಿ, ಹೊಂದಿಕೆ ಆಗುವುದನ್ನು ಕಾಯುತ್ತ ಕುಳಿತಾಗ ಇನ್ನೊಂದು ನೋಡಿದೆ. ಕೆಳಗಿನ ಬಿಲ್ಲೆಯೊಳಗೆ ಅದನ್ನು ಕೂರಿಸಿದ ದಿನದಿಂದ ಆದ ಎಣಿಕೆ ಇರುತ್ತದೆ, ಹುಬ್ಬಳ್ಳಿಯಿಂದ ಅದನ್ನು ಸೊನ್ನೆ ಮಾಡಲು ಬರುವುದಿಲ್ಲ. ಮೀಟರಿನಲ್ಲಿ ಅದನ್ನು ತಿರುವಿದೆ. ಸೇತು ಹಾಕಿದ ಮೊದಲ ನಾಲ್ಕು ತಿಂಗಳು ಹೆಚ್ಚಿನ ಮಿಡಿತ ಒಂದೂ ಇಲ್ಲ. ಆಮೇಲೆ ಒಂದು ದಿನ ಒಂದೇ ಒಂದು ಮಿಡಿತ. ಹದಿನಾರು ದಿನ ಬಿಟ್ಟು ಇನ್ನೊಂದು. ಆಮೇಲೆ ವಾರಕ್ಕೊಂದು, ದಿನಕ್ಕೊಂದು, ದಿನಕ್ಕೆ ಹತ್ತು, ಈಗ ಐದು ನಿಮಿಷಕ್ಕೆ ನಲವತ್ತಾರು. ಒಂಬತ್ತು ತಿಂಗಳು ಕತ್ತಲಲ್ಲಿ ಕೂದಲಿಗಿಂತ ಸಣ್ಣ ಎಳೆಯೊಂದು ತುಂಡಾದ ತುದಿಯಿಂದ ಹೊರಟು ಅತ್ತ ದಂಡೆಯನ್ನು ತಡಕಾಡುತ್ತ ನಡೆದುಬಂದಿತ್ತು. ಮೇಲಿನ ಬಿಲ್ಲೆ ಸುಮ್ಮನಿದ್ದರೆ ಅದೂ ಸುಮ್ಮನಿರುತ್ತಿತ್ತೋ ಏನೋ. ಬಿಲ್ಲೆಯ ಮಿಡಿತ ದಿನವೂ ಆ ದಾರಿಯಲ್ಲಿ ಓಡಾಡಿ ದಾರಿ ತೋರಿಸಿತು ಎಂದು ಡಾಕ್ಟರು ಆಮೇಲೆ ಬರೆದರು. ದಿನವೂ ಬೆಳಿಗ್ಗೆ ಎಂಟಕ್ಕೆ ನಾನು ಊದುಬತ್ತಿ ಬೆಳಗಿ ಅದರ ಹೆಜ್ಜೆಗಳನ್ನು ಒರೆಸಿ ಹಾಕುತ್ತಿದ್ದೆ.

"ಅಕ್ಕಾರ, ಮೊದಲನೇ ಸಲ ಬೆಚ್ಚಗ ಆದದ್ದು ಯಾವತ್ತು, ನೆನಪೈತೇನ್ರಿ?"

"ನೆನಪಿಲ್ಲದ ಏನು. ಕಾರಹುಣ್ಣಿಮಿ ದಿನ. ಹೋಳಗಿ ಲಟ್ಟಸಾಕ ಬರೂದಿಲ್ಲಂತ ಅಳಕೋತ ಇಲ್ಲೇ ಕುಂತಿದ್ನಿ. ಸುಮ್ನ ಒಂದು ಎಳಿ ಹಿಡದಿದ್ನಿ."

ಮೀಟರಿನಲ್ಲಿ ಆ ಒಂಟಿ ಮಿಡಿತದ ತಾರೀಖು ನೋಡಿದೆ. ಗೋಡೆಯ ಪಂಚಾಂಗದ ಹಾಳೆ ತಿರುವಿದೆ. ಕಾರಹುಣ್ಣಿಮೆ. ನಾನು ಕೈ ಮುಗಿದೆ. ಯಾರಿಗೆ ಎಂದು ಕೇಳಿದರೆ ಹೇಳಲಾರೆ.

ಹತ್ತೂವರೆಗೆ ಹೊಂದಿಕೆಯಾಗಿ ಪಂಪವ್ವನವರ ಕೈ ಮತ್ತೆ ಬಟ್ಟಲು ಎತ್ತಿತು. ಹಿಂದಿರುಗುವ ಬಸ್ಸಿನಲ್ಲಿ ಗದಗ ಬರುವವರೆಗೂ ಖುಷಿಯಲ್ಲಿದ್ದೆ. ಆಮೇಲೆ ಇಪ್ಪತ್ತೊಂಬತ್ತು ನೆನಪಾಯಿತು.

ಡಾಕ್ಟರ್ ಸವಣೂರ ನನಗಾಗಿ ಕಾಯುತ್ತಿದ್ದರು. ಅವರ ಮುಂದೆ ಇಪ್ಪತ್ತೊಂಬತ್ತು ಹೆಸರುಗಳ ಪಟ್ಟಿ ಆಗಲೇ ಇತ್ತು. ಅವರ ಕಣ್ಣು ಕೆಂಪಾಗಿತ್ತು. "ಮೊಳಕೆ ಒಡದ ಹೊಲದ ಮ್ಯಾಲೆ ರೋಲರ್ ಹೊಡಿಸೇವ್ರಿ," ಅಂದರು. "ಎಲ್ಲಾರಿಗೂ ಆಗಿತ್ತಂತ ಹೇಳಲಿಕ್ಕೆ ಬರೂದಿಲ್ಲ. ಕೆಲವರಿಗೆ ಖರೇನ ಗಾಯದ ಗಂಟು ಇದ್ದಿರಬಹುದು. ಆದ್ರ ನಾವು ನೋಡಲಿಲ್ಲ."

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಒಬ್ಬೊಬ್ಬರಿಗೂ ನಾನೇ ಫೋನು ಮಾಡಿದೆ. ಇಬ್ಬರು ಬೇರೆ ಕಾಯಿಲೆಯಿಂದ ತೀರಿಕೊಂಡಿದ್ದರು. ಉಳಿದ ಇಪ್ಪತ್ತೇಳು ಜನರಿಗೆ ಇದ್ದದ್ದು ಇದ್ದಂತೆ ಹೇಳಿದೆ. ನಿಮ್ಮ ಕೈ ತಾನಾಗಿ ಮಾತಾಡಲು ಹೊರಟಿತ್ತೇನೋ, ನಾವು ಜೋರಾಗಿ ಕೂಗಿ ಬಾಯಿ ಮುಚ್ಚಿಸಿದೆವು, ಈಗ ಬಲ ಇಳಿಸಿ ಕಾಯೋಣ. ಕೆಲವರು ಬೈದರು. ಗಜೇಂದ್ರಗಡದ ಬಸವಣ್ಯಪ್ಪ ಎಂಬ ಕುಂಬಾರರು ಸುಮ್ಮನೆ ಕೇಳಿಸಿಕೊಂಡು, "ಆವಾಗ ಗಾಲಿ ಮುಂದ ಕುಂತಾಗ ಅಂಗೈ ತಂಪ ಅಂತಿತ್ತು. ಭ್ರಮಿ ಅನಕೊಂಡಿದ್ನಿ," ಎಂದು ಫೋನಿಟ್ಟರು. ಆ ದಿನ ನನಗೆ ಊಟ ಸೇರಲಿಲ್ಲ.

ಪರದೆ ಈಗ ಬೇರೆಯಾಗಿದೆ. ತಪ್ಪಿನ ಪ್ರಮಾಣದ ಪಕ್ಕದಲ್ಲಿ ಇನ್ನೊಂದು ಸಾಲು ಇದೆ, 'ಹೆಚ್ಚಾಗಿ ಬಂದದ್ದು' ಎಂದು. ಎಂಟು ಗಂಟೆಗೆ ಊದುಬತ್ತಿ ಬೆಳಗುತ್ತೇವೆ, ಸೊನ್ನೆ ಮಾಡುವುದಿಲ್ಲ. ಗಂಟೆಯೂ ಇದೆ, ಮಿತಿಯೂ ಇದೆ. ಮಿತಿ ಬೇಡವೆನ್ನುವ ಜಾಣ ನಾನಲ್ಲ, ಕುದಿಯುವ ಬೋಗುಣಿಗಳು ಇನ್ನೂ ಇವೆ. ಪಂಪವ್ವನವರ ಸಾಲು ದಿನವೂ ಏರುತ್ತಿದೆ. ಬಿಲ್ಲೆಯ ಬಲವನ್ನು ತಿಂಗಳಿಗೆ ಒಂದು ಮೆಟ್ಟಿಲು ಇಳಿಸುತ್ತಿದ್ದೇವೆ, ಇನ್ನು ಅರ್ಧವಷ್ಟೇ ಉಳಿದಿದೆ.

ಆ ಇಪ್ಪತ್ತೇಳು ಸಾಲುಗಳು ಮಾತ್ರ ಸೊನ್ನೆಯಲ್ಲೇ ಇದ್ದವು. ಒಂದು ತಿಂಗಳು, ಮೂರು ತಿಂಗಳು, ಐದು. ನಾನು ಪಾಳಿ ಇಲ್ಲದ ದಿನವೂ ಬಂದು ನೋಡಿ ಹೋಗುತ್ತಿದ್ದೆ. ಒಂದು ದಿನ ತಡೆಯಲಾಗದೆ ಪಂಪವ್ವನವರಿಗೆ ಫೋನು ಮಾಡಿದೆ.

"ಹರದ ಎಳಿ ಜಗ್ಗಬಾರದು ತಮ್ಮಾ," ಅಂದರು. ಸರ ಎನ್ನುವುದನ್ನು ಬಿಟ್ಟು ಬಹಳ ದಿನವಾಗಿತ್ತು. "ಜಗ್ಗಿದ್ರ ಮತ್ತಷ್ಟು ಒಳಗ ಹೋಕೈತಿ. ಹಾಸು ಸಡ್ಲ ಬಿಟ್ಟು, ಕೈ ಒಡ್ಡಿ ಕುಂದರಬೇಕು. ಬಂದ್ರ ಅದ ಬರತೈತಿ."

ಕೈ ಒಡ್ಡಿ ಕುಳಿತೆ. ಏಳನೆಯ ತಿಂಗಳು, ಒಂದು ಗುರುವಾರ ಬೆಳಿಗ್ಗೆ ಹನ್ನೊಂದರ ಸುಮಾರು. ಕೋಣೆಯಲ್ಲಿ ಡಾಕ್ಟರೂ ಇದ್ದರು, ಇನ್ನಾರೋ ಮೂವರು ಚಹಾ ಕುಡಿಯುತ್ತಿದ್ದರು. ಬಸವಣ್ಯಪ್ಪ ಕುಂಬಾರ, ಗಜೇಂದ್ರಗಡ. ಹೆಚ್ಚಾಗಿ ಬಂದದ್ದು: ಒಂದು.

ಚುಕ್ಕೆ ಹಸಿರಾಗಿಯೇ ಇತ್ತು. ಒಂದು ಎಂದರೆ ಮಿತಿಗಿಂತ ಎಷ್ಟೋ ಕೆಳಗೆ, ಯಂತ್ರ ಬಾಯಿ ಬಿಡುವ ಮಾತೇ ಇಲ್ಲ. ಗೋಡೆಯ ಮೇಲೆ ಗಂಟೆ ಸರಿಯಿದೆಯೋ ಎಂದು ತಿಂಗಳಿಗೊಮ್ಮೆ ಪರೀಕ್ಷಿಸುವ ಗುಂಡಿ ಇದೆ. ನಾನು ಎದ್ದು ಹೋಗಿ ಅದನ್ನು ಒತ್ತಿದೆ. ಎಲ್ಲರೂ ಓಡಿ ಬಂದು ಏನಾಯಿತು ಏನಾಯಿತು ಎಂದು ಕೇಳುತ್ತಿದ್ದರು. ನಾನು ಪರದೆಯ ಕಡೆ ತೋರಿಸಿದೆ, ಗುಂಡಿಯ ಮೇಲಿನ ಕೈ ಮಾತ್ರ ತೆಗೆಯಲಿಲ್ಲ.